ಆಕಾಶದ ಕಾಯ್ದೆಗೆ ಗದಗಿನ ಅಹವಾಲು



ಗದಗ, ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ. ಈ ಯಾವ ಊರಿನಲ್ಲೂ ವಿಮಾನ ನಿಲ್ದಾಣವಿಲ್ಲ. ವಿಮಾನ ಹತ್ತಬೇಕೆಂದರೆ ಹುಬ್ಬಳ್ಳಿಗೆ ಹೋಗಬೇಕು. ಹೀಗಿದ್ದ ಮೇಲೆ ವಿಮಾನ ಸುರಕ್ಷತೆಯ ನಿಯಮಗಳಿಗೂ ನಮಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ. ಅದು ನಿಮ್ಮ ಹೊಲದ ಮೇಲೆಯೇ ಹಾರಾಡುತ್ತಿದೆ.

ಮುಂಗಾರಿನ ಹೆಸರಿಗೆ, ಹತ್ತಿಗೆ, ಮೆಣಸಿನಕಾಯಿಗೆ, ಹಿಂಗಾರಿನ ಕಡಲೆಗೆ ಎಣ್ಣಿ ಹೊಡೆಯುವ ಡ್ರೋನ್ ಈಗ ನಮ್ಮ ಎರೆ ಹೊಲಗಳಿಗೂ ಬಂದಿದೆ. ಹತ್ತಿರದಿಂದ ನೋಡದವರಿಗಾಗಿ ಹೇಳುತ್ತೇನೆ. ನಡುವೆ ಹತ್ತು ಲೀಟರ್ ಹಿಡಿಯುವ ಒಂದು ಡಬ್ಬಿ. ಅದರ ಸುತ್ತ ನಾಲ್ಕು ಇಲ್ಲವೇ ಆರು ತೋಳು. ಪ್ರತಿ ತೋಳಿನ ತುದಿಗೆ ಗರಗರ ತಿರುಗುವ ಒಂದು ರೆಕ್ಕೆ. ಕೆಳಗೆ ಸಿಂಪರಣೆಯ ನಳಿಕೆ. ಬೆಳೆಯ ಮೇಲೆ ಸುಮಾರು ಆಳೆತ್ತರದಲ್ಲಿ ಸಾಗುತ್ತದೆ. ಒಂದು ಎಕರೆ ಮುಗಿಸಲು ಹತ್ತು ನಿಮಿಷದ ಆಸುಪಾಸು ಸಾಕು. ನೀರೂ ಹತ್ತು ಲೀಟರ್ ಸಾಕು. ಬೆನ್ನಿಗೆ ಕಟ್ಟುವ ಪಂಪಿಗಾದರೆ ಎಕರೆಗೆ ನೂರು ಲೀಟರಿಗೂ ಮೇಲೆ ಬೇಕು. ಡಬ್ಬಿ ತುಂಬಿದಾಗ ಈ ಯಂತ್ರದ ಒಟ್ಟು ತೂಕ ಇಪ್ಪತ್ತೈದು ಕಿಲೋ ಹತ್ತಿರ ಬರುತ್ತದೆ. ಅಂದರೆ ಅರ್ಧ ಚೀಲ ಗೊಬ್ಬರ ತಲೆಯ ಮೇಲೆ ಹಾರಾಡಿದ ಹಾಗೆ.

ಕಾನೂನಿನ ಲೆಕ್ಕದಲ್ಲಿ ಇದು ವಿಮಾನ. ಒಳಗೆ ಮನುಷ್ಯ ಕೂಡದ ವಿಮಾನ. ಮುನ್ನೂರು ಮಂದಿಯನ್ನು ಹೊತ್ತು ಹಾರುವ ವಿಮಾನಕ್ಕೆ ನಿಯಮ ಮಾಡುವ ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯವೇ ಇದಕ್ಕೂ ನಿಯಮ ಮಾಡುತ್ತದೆ. ಆ ನಿಯಮ ಮಾಡುವ ಮೊದಲು ಸಚಿವಾಲಯ ಜನರನ್ನು ಕೇಳುತ್ತದೆ. ಕರಡು ಪ್ರಕಟಿಸಿ, ಆಕ್ಷೇಪಣೆ ಇದ್ದರೆ ಹೇಳಿ, ಸಲಹೆ ಇದ್ದರೆ ಕೊಡಿ ಎನ್ನುತ್ತದೆ. ಆ ಕೇಳುವಿಕೆ ಗದಗ ಜಿಲ್ಲೆಯ ತನಕ ಬರುತ್ತಿಲ್ಲ ಎಂಬುದೇ ಈ ಹೊತ್ತಿನ ನನ್ನ ಮಾತು.

ಹೊಲದ ಮೇಲಿನ ಡ್ರೋನ್ ಕೂಡ ವಿಮಾನ, ಅದರ ನಿಯಮಕ್ಕೂ ಜನರನ್ನು ಕೇಳುವ ಪದ್ಧತಿ ಇದೆ ಎಂದೆ. ಈ ಪದ್ಧತಿ ಎಲ್ಲಿಂದ ಬಂತು?

ಕರಡು ನಿಯಮವನ್ನು ಮೊದಲು ಪ್ರಕಟಿಸಬೇಕು, ಒಂದು ದಿನಾಂಕ ಕೊಡಬೇಕು, ಅಷ್ಟರೊಳಗೆ ಬಂದ ಆಕ್ಷೇಪಣೆಗಳನ್ನು ಪರಿಗಣಿಸಬೇಕು ಎಂಬ ವಿಧಿ 1897ರ ಸಾಮಾನ್ಯ ಖಂಡಗಳ ಕಾಯ್ದೆಯಲ್ಲೇ ಇದೆ. ಬ್ರಿಟಿಷರ ಕಾಲದ ಮಾತು. ವಿಮಾನಕ್ಕೆಂದೇ 1934ರಲ್ಲಿ ಒಂದು ಕಾಯ್ದೆ ಬಂತು. ಅದರಲ್ಲಿ ಈ ಗಡುವು ಕಡಿಮೆಯೆಂದರೂ ಮೂರು ತಿಂಗಳು ಇರಬೇಕು ಎಂದು ಬರೆದಿತ್ತು. ಸಾರ್ವಜನಿಕ ಹಿತಕ್ಕಾಗಿ ಅದನ್ನು ಕಡಿಮೆ ಮಾಡುವ ಅಧಿಕಾರವೂ ಸರ್ಕಾರಕ್ಕಿತ್ತು. ನೆನಪಿಡಿ, ಮೂರು ತಿಂಗಳು. ಆಗ ಅಂಚೆ ಹಡಗಿನಲ್ಲಿ, ರೈಲಿನಲ್ಲಿ ಹೋಗುತ್ತಿತ್ತು. ಆ ಕಾಯ್ದೆಯ ಜಾಗದಲ್ಲಿ ಈಗ ಭಾರತೀಯ ವಾಯುಯಾನ ಅಧಿನಿಯಮ ಇದೆ. 2025ರ ಜನವರಿ 1ರಿಂದ ಜಾರಿಗೆ ಬಂದಿದೆ. ಇದಲ್ಲದೆ 2014ರಲ್ಲಿ ಕೇಂದ್ರ ಸರ್ಕಾರ ತಾನೇ ಒಂದು ನೀತಿ ಮಾಡಿಕೊಂಡಿತು. ಯಾವುದೇ ಕರಡು ಕಾಯ್ದೆಯನ್ನು ಕಡಿಮೆಯೆಂದರೆ 30 ದಿನ ಜನರ ಮುಂದೆ ಇಡಬೇಕು ಎಂಬುದು ಆ ನೀತಿ.

ಜನ ಬರೆದರೆ ಏನಾದರೂ ಬದಲಾಗುತ್ತದೆಯೇ? ಅನುಮಾನ ಸಹಜ. ಇದಕ್ಕೆ ಡ್ರೋನ್ ನಿಯಮಗಳ ಕಥೆಯಲ್ಲೇ ಉತ್ತರ ಇದೆ.

2021ರ ಮಾರ್ಚ್‌ನಲ್ಲಿ ಡ್ರೋನ್‌ಗೆ ಒಂದು ನಿಯಮಾವಳಿ ಬಂತು. ತುಂಬಬೇಕಾದ ಫಾರ್ಮ್ 25. ಕಟ್ಟಬೇಕಾದ ಶುಲ್ಕದ ಬಗೆ 72. ಹಾರಿಸುವಾಗೆಲ್ಲ ಅನುಮತಿ. ವಿಮಾನ ನಿಲ್ದಾಣದ ಸುತ್ತ 45 ಕಿಲೋಮೀಟರ್ ಹಳದಿ ವಲಯ. ಹಳದಿ ವಲಯ ಎಂದರೆ ವಿಮಾನ ಸಂಚಾರ ನಿಯಂತ್ರಣದವರ ಒಪ್ಪಿಗೆ ಇಲ್ಲದೆ ಹಾರಿಸಬಾರದ ಜಾಗ. ಹುಬ್ಬಳ್ಳಿ ನಿಲ್ದಾಣದಿಂದ 45 ಕಿಲೋಮೀಟರ್ ಅಂದರೆ ಅಣ್ಣಿಗೇರಿಯೂ ಅದರೊಳಗೆ ಬಿತ್ತು. ಅಣ್ಣಿಗೇರಿಯ ರೈತ ಕಡಲೆಗೆ ಎಣ್ಣಿ ಹೊಡೆಯಲು ಹುಬ್ಬಳ್ಳಿಯ ವಿಮಾನದವರನ್ನು ಕೇಳಬೇಕಾದ ಪರಿಸ್ಥಿತಿ.

ಆಕ್ಷೇಪಣೆಗಳು ಬಂದವು. ಕಾಲೇಜುಗಳವರು ಬರೆದರು. ಹೊಸ ಕಂಪನಿಗಳವರು ಬರೆದರು. ಡ್ರೋನ್ ಬಳಸುವವರು ಬರೆದರು. ಸರ್ಕಾರ ಅದನ್ನು ಒಪ್ಪಿಕೊಂಡಿತು. ಅದೇ ವರ್ಷದ ಜುಲೈ ನಡುವಿನಲ್ಲಿ ಹೊಸ ಕರಡು ಹೊರಡಿಸಿತು. ಆಗಸ್ಟ್ 5ರ ತನಕ ಅಭಿಪ್ರಾಯ ಕೇಳಿತು. ಆಗಸ್ಟ್ 25ಕ್ಕೆ ಡ್ರೋನ್ ನಿಯಮಗಳು 2021 ಜಾರಿಯಾದವು. ಹಳೆಯ ನಿಯಮ ಬದುಕಿದ್ದು ಐದೂವರೆ ತಿಂಗಳು ಮಾತ್ರ. ಫಾರ್ಮ್ 25 ಇದ್ದದ್ದು 5 ಆಯಿತು. ಶುಲ್ಕ 72 ಬಗೆ ಇದ್ದದ್ದು 4 ಆಯಿತು. ಹಳದಿ ವಲಯ 45 ಕಿಲೋಮೀಟರಿನಿಂದ 12ಕ್ಕೆ ಇಳಿಯಿತು. ಇಂಥ ನಿರ್ಬಂಧ ಇಲ್ಲದ ಹಸಿರು ವಲಯದಲ್ಲಿ 400 ಅಡಿ ಎತ್ತರದ ತನಕ ಅನುಮತಿ ಬೇಡ ಎಂದಾಯಿತು. ಅಣ್ಣಿಗೇರಿ ಹಳದಿ ವಲಯದಿಂದ ಹೊರಗೆ ಬಂತು.

ಇದಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಇನ್ನೊಂದು ಸಣ್ಣ ಬದಲಾವಣೆ. ದೊಡ್ಡ ಸುದ್ದಿ ಆಗಲಿಲ್ಲ. ಆದರೆ ನಮ್ಮ ಕಡೆಯವರಿಗೆ ಅದರಷ್ಟು ಹತ್ತಿರದ್ದು ಬೇರೆ ಇಲ್ಲ.

ಎಣ್ಣಿ ಹೊಡೆಯುವಂಥ ಡ್ರೋನ್ ಹಾರಿಸಲು ತರಬೇತಿ ಪಡೆದು ಪ್ರಮಾಣಪತ್ರ ತೆಗೆದುಕೊಳ್ಳಬೇಕು. ವಯಸ್ಸು 18 ದಾಟಿರಬೇಕು. ಹತ್ತನೇ ಇಯತ್ತೆ ಪಾಸಾಗಿರಬೇಕು. ಇದೆಲ್ಲ ಸರಿ. ಜೊತೆಗೆ ಪಾಸ್‌ಪೋರ್ಟ್ ಬೇಕು ಎಂದೂ ಇತ್ತು. ಡಂಬಳದ ಹುಡುಗನ ಹತ್ತಿರ ಪಾಸ್‌ಪೋರ್ಟ್ ಎಲ್ಲಿಂದ ಬರಬೇಕು? ಅವನು ಹಾರಿಸುವುದು ತನ್ನ ಸೀಮೆಯ ಹೊಲದಲ್ಲಿ. ದೇಶ ದಾಟುವವನಲ್ಲ. ಸ್ವಸಹಾಯ ಸಂಘದ ಅಕ್ಕಂದಿರಿಗೂ ಇದೇ ತೊಡಕು. 2023ರ ಕೊನೆಗೆ ಕೇಂದ್ರ ಸರ್ಕಾರ ನಮೋ ಡ್ರೋನ್ ದೀದಿ ಎಂಬ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸುಮಾರು 15 ಸಾವಿರ ಮಹಿಳಾ ಸಂಘಗಳಿಗೆ ಡ್ರೋನ್ ಕೊಡುವುದು, ಬಾಡಿಗೆಗೆ ಎಣ್ಣಿ ಹೊಡೆಯುವ ಉದ್ಯೋಗ ಕಲಿಸುವುದು ಅದರ ಉದ್ದೇಶ. ಪಾಸ್‌ಪೋರ್ಟ್ ಕೇಳಿದ್ದರೆ ಆ ಯೋಜನೆಯ ಎಷ್ಟು ಮಂದಿ ಅಕ್ಕಂದಿರು ತರಬೇತಿಯ ಬಾಗಿಲಲ್ಲೇ ನಿಲ್ಲುತ್ತಿದ್ದರೋ! ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಿಯಮ ತಿದ್ದಿದರು. ಮತದಾರರ ಚೀಟಿ ಸಾಕು, ರೇಷನ್ ಕಾರ್ಡ್ ಸಾಕು, ಡ್ರೈವಿಂಗ್ ಲೈಸೆನ್ಸ್ ಸಾಕು ಎಂದರು.

ಪಾಸ್‌ಪೋರ್ಟ್ ಎಂಬ ಆ ಪದವನ್ನು ಬರೆದವರಿಗೆ ಕೆಟ್ಟ ಉದ್ದೇಶ ಇತ್ತು ಎಂದು ನಾನು ಹೇಳುವುದಿಲ್ಲ. ಅವರ ಮೇಜಿನ ಸುತ್ತ ಕೂತ ಎಲ್ಲರ ಹತ್ತಿರವೂ ಪಾಸ್‌ಪೋರ್ಟ್ ಇದ್ದಿರಬೇಕು. ಇಲ್ಲದವರು ಹೇಳುವ ತನಕ ಇರುವವರಿಗೆ ಅದು ತೊಡಕೆಂದು ಹೊಳೆಯುವುದಿಲ್ಲ.

ಈಗಿನ ಮಾತಿಗೆ ಬರೋಣ. ಜನ ಬರೆದರೆ ನಿಯಮ ಬದಲಾಗುತ್ತದೆ ಎಂಬುದಕ್ಕೆ 2021ರ ಸಾಕ್ಷಿ ಹೇಳಿದೆ. ಆದರೆ ಬರೆಯಲು ಸಮಯ ಸಿಗಬೇಕಲ್ಲ? ಅಲ್ಲಿದೆ ತೊಂದರೆ.

2021ರಲ್ಲಿ ಡ್ರೋನ್ ಕರಡಿಗೆ ಸಿಕ್ಕದ್ದು ಸುಮಾರು ಮೂರು ವಾರ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾ ವಿಮಾನ ಬಿತ್ತು. ಒಳಗಿದ್ದವರು, ನೆಲದ ಮೇಲಿದ್ದವರು ಸೇರಿ 260 ಮಂದಿ ತೀರಿಕೊಂಡರು. ಆರನೇ ದಿನಕ್ಕೆ ಇನ್ನೊಂದು ಕರಡು ಹೊರಬಂತು. ನಿಲ್ದಾಣಗಳ ಸುತ್ತ ಮಿತಿ ಮೀರಿ ಎತ್ತರ ಬೆಳೆದ ಕಟ್ಟಡ, ಮರಗಳನ್ನು ತೆಗೆಸುವ ನಿಯಮ. ಆಕ್ಷೇಪಣೆಗೆ 20 ದಿನ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಾಗರಿಕ ಡ್ರೋನ್ ಮಸೂದೆಯ ಕರಡು ಬಂತು. ಡ್ರೋನ್‌ಗೆಂದೇ ಒಂದು ಪ್ರತ್ಯೇಕ ಕಾಯ್ದೆ ಮಾಡುವ ವಿಚಾರ. ತಿಂಗಳ ನಡುವಿನಲ್ಲಿ ಪ್ರಕಟಿಸಿ, 30ರೊಳಗೆ ಬರೆಯಿರಿ ಎಂದರು. ಎರಡು ವಾರ! ಸರ್ಕಾರದ್ದೇ ನೀತಿ 30 ದಿನ ಎನ್ನುತ್ತದೆ. ಹಡಗಿನ ಅಂಚೆಯ ಕಾಲದ ಕಾಯ್ದೆ ಮೂರು ತಿಂಗಳು ಎನ್ನುತ್ತಿತ್ತು. ಕಾಲ ವೇಗವಾಯಿತು, ನಿಜ. ಆದರೆ ಹೊಲ ಬಿತ್ತುವವನು ಓದುವ ವೇಗ ಅಷ್ಟೇ ಇದೆ.

ಸೆಪ್ಟೆಂಬರ್ ಕೊನೆ ಎಂದರೆ ನಮ್ಮಲ್ಲಿ ಏನು? ಹೆಸರು ರಾಶಿ ಮುಗಿಸಿ ಹಿಂಗಾರಿಗೆ ಹರಗುವ ಹೊತ್ತು. ಉಳ್ಳಾಗಡ್ಡಿ ಕೀಳುವವರಿಗೆ ತಲೆ ಎತ್ತಲು ಪುರುಸೊತ್ತಿಲ್ಲ. ಮೇಲೆ ಭಾಷೆಯ ಮಾತು. ಕೇಂದ್ರದ ರಾಜ್ಯಪತ್ರ ಬರುವುದು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಕಾಯ್ದೆಯ ಇಂಗ್ಲಿಷನ್ನು ವಕೀಲರೇ ಎರಡು ಸಲ ಓದುತ್ತಾರೆ.

ಸಮಯ ಕಡಿಮೆ, ಭಾಷೆ ಬೇರೆ. ಇವೆರಡು ತೊಡಕುಗಳಾದವು. ಹಾಗಿದ್ದರೂ ಗದಗಿನವರು ಏಕೆ ಬರೆಯಬೇಕು? ಕರಡು ಬರೆದವರಿಗೆ ಗೊತ್ತಿಲ್ಲದ ಕೆಲವು ಸಂಗತಿ ನಿಮಗೆ ಗೊತ್ತು, ಅದಕ್ಕೆ.

ಮೊದಲನೆಯದು ಗಾಳಿ. ಕಪ್ಪತಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ಏಕೆ ನಿಂತಿವೆ? ಅಲ್ಲಿ ಗಾಳಿ ಇದೆ, ಅದಕ್ಕೆ. ಜೂನಿನಿಂದ ಆಗಸ್ಟ್ ತನಕ ಮುಂಡರಗಿ, ಶಿರಹಟ್ಟಿ ಸೀಮೆಯಲ್ಲಿ ಗಾಳಿ ನಿಲ್ಲುವುದೇ ಇಲ್ಲ. ಹೆಸರಿಗೆ ಎಣ್ಣಿ ಬೀಳಬೇಕಾದದ್ದೂ ಅದೇ ತಿಂಗಳುಗಳಲ್ಲಿ. ಡ್ರೋನ್ ಉಗುಳುವ ಹನಿ ಬಹಳ ಸಣ್ಣದು. ಗಾಳಿ ಜೋರಿದ್ದರೆ ಆ ಹನಿ ನಿಮ್ಮ ಬೆಳೆಗೆ ಬೀಳದೆ ಬದುವಿನ ಆಚೆ ಬೀಳುತ್ತದೆ. ಆಚೆ ಹಿಪ್ಪುನೇರಳೆ ಇದ್ದರೆ ರೇಷ್ಮೆ ಹುಳು ಸಾಯುತ್ತದೆ. ಮೇವು ಇದ್ದರೆ ದನ ತಿನ್ನುತ್ತದೆ. ಬಾವಿ ಇದ್ದರೆ ನೀರಿಗೆ ಇಳಿಯುತ್ತದೆ. 2021ರ ಡಿಸೆಂಬರಿನಲ್ಲಿ ಕೇಂದ್ರ ಕೃಷಿ ಸಚಿವಾಲಯ ಡ್ರೋನ್ ಸಿಂಪರಣೆಗೆ ಒಂದು ಕಾರ್ಯವಿಧಾನವನ್ನು ಹೊರಡಿಸಿದೆ. ಒಳ್ಳೆಯದೇ. ಆದರೆ ಕೃಷಿ ಇಲಾಖೆಯ ಸೂಚನೆ ಒಂದು ಕಡೆ, ವಿಮಾನಯಾನದ ನಿಯಮ ಇನ್ನೊಂದು ಕಡೆ. ವಿಮಾನಯಾನದವರ ಮುಖ್ಯ ಚಿಂತೆ ಯಂತ್ರ ಯಾರ ಮೇಲೂ ಬೀಳಬಾರದು, ಇನ್ನೊಂದು ವಿಮಾನಕ್ಕೆ ತಾಗಬಾರದು ಎಂಬುದು. ಹೊಲದ ಮಟ್ಟಿಗೆ ಯಂತ್ರ ಬೀಳುವುದು ಅಪರೂಪ. ಎಣ್ಣಿ ಹಾರುವುದು ದಿನದ ಮಾತು. ಈ ಹಾರುವ ಎಣ್ಣಿಯನ್ನೂ ಸುರಕ್ಷತೆಯ ಲೆಕ್ಕಕ್ಕೆ ತನ್ನಿ, ವಿಮೆಯೊಳಗೆ ಸೇರಿಸಿ ಎಂದು ಹೇಳಬೇಕಾದವರು ಯಾರು? ಬದುವಿನ ಈಚೆಯವರು, ಆಚೆಯವರು ಇಬ್ಬರೂ.

ಎರಡನೆಯದು ಪರಿಹಾರದ ಮೊತ್ತ. ಇದನ್ನು ಗಮನವಿಟ್ಟು ಕೇಳಿ. 2025ರ ಕರಡು ಮಸೂದೆಯಲ್ಲಿ ಡ್ರೋನ್‌ನಿಂದ ಸಾವಾದರೆ ತಪ್ಪು ಯಾರದೆಂದು ನೋಡದೆ ಎರಡೂವರೆ ಲಕ್ಷ, ಗಂಭೀರ ಗಾಯವಾದರೆ ಒಂದು ಲಕ್ಷ ಪರಿಹಾರ ಎಂದು ಬರೆದಿದ್ದಾರೆ. ತಪ್ಪು ನೋಡದೆ ಕೊಡುವ ಪರಿಹಾರ ಎಂಬ ತತ್ವ ಸರಿಯಾದದ್ದು. ಮೊತ್ತ ಸರಿಯಲ್ಲ. 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆಯಲ್ಲಿ ಇದೇ ಬಗೆಯ ಪರಿಹಾರ ಸಾವಿಗೆ ಐದು ಲಕ್ಷ, ಗಂಭೀರ ಗಾಯಕ್ಕೆ ಎರಡೂವರೆ ಲಕ್ಷ ಇದೆ. ಲಾರಿ ಹಾಯ್ದು ಸತ್ತರೆ ಐದು ಲಕ್ಷ, ಡ್ರೋನ್ ಬಿದ್ದು ಸತ್ತರೆ ಅದರ ಅರ್ಧ. ಜೀವ ಒಂದೇ ಅಲ್ಲವೇ? ತೋಂಟದಾರ್ಯ ಮಠದ ಜಾತ್ರೆಗೆ, ಶಿರಹಟ್ಟಿಯ ಫಕೀರೇಶ್ವರ ಜಾತ್ರೆಗೆ ಎಷ್ಟು ಮಂದಿ ಸೇರುತ್ತಾರೆ ನಿಮಗೆ ಗೊತ್ತು. ಆ ಸಂದಣಿಯ ಮೇಲೆ ವಿಡಿಯೊ ತೆಗೆಯುವ ಡ್ರೋನ್ ಹಾರುವುದನ್ನೂ ನೋಡಿದ್ದೀರಿ. ಅದೇ ಕರಡಿನಲ್ಲಿ ನಿಯಮ ಮುರಿದವರಿಗೆ ದಂಡವೂ ಇದೆ, ಜೈಲೂ ಇದೆ. ಬಾಡಿಗೆಗೆ ಡ್ರೋನ್ ಓಡಿಸುವ ಹುಡುಗನಿಗೆ ಜೈಲಿನ ಹೆದರಿಕೆ, ಗಾಯಗೊಂಡವರಿಗೆ ಅರ್ಧಕ್ಕೂ ಕಡಿಮೆ ಪರಿಹಾರ. ಇದು ತಿರುವುಮುರುವು ಆಗಿದೆ ಎಂಬುದು ನನ್ನ ಅಭಿಪ್ರಾಯ. ನಿಮಗೆ ಬೇರೆ ಅನ್ನಿಸಬಹುದು. ಬೇರೆ ಅನ್ನಿಸಿದರೆ ಅದನ್ನೇ ಬರೆಯಿರಿ.

ಗಾಳಿ ಹೇಳಿದೆ, ಪರಿಹಾರ ಹೇಳಿದೆ. ಮೂರನೆಯದು ಮಾಗಡಿ ಕೆರೆ.

ಶಿರಹಟ್ಟಿಯಿಂದ ಎಂಟು ಕಿಲೋಮೀಟರ್ ಆಚೆ ಇರುವ ಈ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿ. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಒಂದೊಂದು ಎರಡು ಮೂರು ಕಿಲೋ ತೂಗುತ್ತದೆ. ಹಗಲು ಕೆರೆಯಲ್ಲಿ ಸಾವಿರಗಟ್ಟಲೆ ಕೂತಿರುತ್ತವೆ. ಹೊತ್ತು ಮುಳುಗಿದ ಮೇಲೆ ಹೊಲಗಳಿಗೆ ಮೇಯಲು ಹೋಗುತ್ತವೆ. ಆ ಊರಿನವರು ಬೆಳೆ ಕಳೆದುಕೊಂಡರೂ ಅವುಗಳನ್ನು ಕಾಯ್ದುಕೊಂಡು ಬಂದಿದ್ದಾರೆ. 2024ರಲ್ಲಿ ಈ ಕೆರೆಗೆ ರಾಮ್ಸಾರ್ ತಾಣ ಎಂಬ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿತು. ಹಕ್ಕಿಗಳು ಇರುವುದೂ ಚಳಿಗಾಲ, ಸುತ್ತಲಿನ ಕಡಲೆಗೆ ಎಣ್ಣಿ ಬೀಳುವುದೂ ಚಳಿಗಾಲ. ಹಿಂಡಿನ ನಡುವೆ ಡ್ರೋನ್ ಹೋದರೆ ಹಕ್ಕಿಗೂ ಅಪಾಯ, ಯಂತ್ರಕ್ಕೂ ಅಪಾಯ, ಕೆಳಗೆ ನಿಂತವನಿಗೂ ಅಪಾಯ. ಈಗಿನ ನಿಯಮದಲ್ಲಿ ಡ್ರೋನ್ ಹಾರಿಸಬಾರದ ತಾತ್ಕಾಲಿಕ ಕೆಂಪು ವಲಯ ಮಾಡುವ ಅವಕಾಶ ಇದೆ. ಆದರೆ ಅದು ಸಭೆ, ಬಂದೋಬಸ್ತು ಮುಂತಾದ ಕೆಲವೇ ದಿನದ ಸಂದರ್ಭಕ್ಕೆ ಹೊಂದುವ ಏರ್ಪಾಡು. ಹಕ್ಕಿಗಳ ನಾಲ್ಕು ತಿಂಗಳ ಹಂಗಾಮಿಗೆ ಒದಗುವುದಿಲ್ಲ. ಹಂಗಾಮಿನ ವಲಯ ಎಂಬ ಒಂದು ಬಗೆ ಬೇಕು ಎಂದು ಮಾಗಡಿಯವರು ಹೇಳಿದರೆ ಅದರ ತೂಕವೇ ಬೇರೆ.

ಗಾಳಿ, ಪರಿಹಾರ, ಹಕ್ಕಿ. ಈ ಮೂರರ ಮೇಲೆ ಹೇಳಲು ಗದಗ ಜಿಲ್ಲೆಯವರಿಗೆ ಮಾತಿದೆ. ಹೇಳುವ ರೂಢಿ ಇದೆಯೇ? ಇದೆ. 2011ನ್ನು ನೆನಪು ಮಾಡಿಕೊಳ್ಳಿ. ಮುಂಡರಗಿ ತಾಲೂಕಿನ ಹಳ್ಳಿಗುಡಿ ಸೀಮೆಯಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಮೂರು ಸಾವಿರಕ್ಕೂ ಹೆಚ್ಚು ಎಕರೆ ಭೂಮಿ ಹಿಡಿಯಲು ಹೊರಟಿದ್ದರು. ರೈತರು ಒಪ್ಪಲಿಲ್ಲ. ತೋಂಟದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತರು. ಆ ಜುಲೈನಲ್ಲೇ ಸರ್ಕಾರ ಭೂಸ್ವಾಧೀನ ಕೈಬಿಟ್ಟಿತು. ಕಪ್ಪತಗುಡ್ಡದ ರಕ್ಷಣೆಯನ್ನು ಸರ್ಕಾರ ತೆಗೆದಾಗಲೂ ಗದಗಿನವರು ಬೀದಿಗಿಳಿದರು. ರಕ್ಷಣೆ ಮರಳಿ ಬಂತು. 2019ರಲ್ಲಿ ಅದು ವನ್ಯಜೀವಿ ಧಾಮವೇ ಆಯಿತು. ನೆಲಕ್ಕಾಗಿ, ಗುಡ್ಡಕ್ಕಾಗಿ ಮಾತಾಡಿದವರು ಆಕಾಶಕ್ಕಾಗಿ ಒಂದು ಪತ್ರ ಬರೆಯುವುದು ದೊಡ್ಡ ಕೆಲಸವಲ್ಲ. ಒಂದು ವ್ಯತ್ಯಾಸ ಮಾತ್ರ ಇದೆ. ಭೂಮಿ ಹಿಡಿಯುವವರು ಊರಿಗೆ ಬರುತ್ತಾರೆ, ಕಣ್ಣಿಗೆ ಕಾಣುತ್ತಾರೆ. ಕರಡು ನಿಯಮ ಬಂದದ್ದೂ ಗೊತ್ತಾಗುವುದಿಲ್ಲ, ಗಡುವು ಮುಗಿದದ್ದೂ ಗೊತ್ತಾಗುವುದಿಲ್ಲ.

ಹಾಗಾದರೆ ಬರೆಯುವುದು ಹೇಗೆ? ಕಡೆಯ ಮಾತು ಇದೇ.

ಕನ್ನಡದಲ್ಲೇ ಬರೆಯಿರಿ. ಸಂವಿಧಾನದ 350ನೇ ಅನುಚ್ಛೇದ ಆ ಹಕ್ಕು ಕೊಟ್ಟಿದೆ. ಕುಂದುಕೊರತೆಯ ಅಹವಾಲನ್ನು ಕೇಂದ್ರದ ಯಾವ ಅಧಿಕಾರಿಗೇ ಆಗಲಿ, ಕೇಂದ್ರದಲ್ಲೋ ರಾಜ್ಯದಲ್ಲೋ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸಬಹುದು. ಉದ್ದ ಬೇಡ. ಯಾವ ನಿಯಮ, ಅದರಲ್ಲಿ ಯಾವ ಕಲಮು, ಏನು ತೊಂದರೆ, ಏನು ಬದಲಾಗಬೇಕು, ಇಷ್ಟು ಇರಲಿ. ಒಂದು ಪುಟ ಸಾಕು. ರೈತ ಸಂಕಷ್ಟದಲ್ಲಿದ್ದಾನೆ ಎಂದು ಬರೆದರೆ ಅಲ್ಲಿಯ ಅಧಿಕಾರಿಗೆ ಮಾಡಲು ಏನೂ ಇರುವುದಿಲ್ಲ. ಸಾವಿನ ಪರಿಹಾರ ಎರಡೂವರೆ ಲಕ್ಷದ ಬದಲು ಐದು ಲಕ್ಷ ಆಗಲಿ ಎಂದು ಬರೆದರೆ ಒಪ್ಪಿದೆ ಎನ್ನಬೇಕು, ಇಲ್ಲವೇ ಒಪ್ಪುವುದಿಲ್ಲ ಎನ್ನಬೇಕು.

ಒಬ್ಬರೇ ಬರೆಯುವುದಕ್ಕಿಂತ ಸಂಘದಿಂದ ಬರೆಯುವುದು ಮೇಲು. 1905ರಲ್ಲಿ ದೇಶದ ಮೊದಲ ಕೃಷಿ ಸಹಕಾರ ಸಂಘ ಕಟ್ಟಿದ ಕಣಗಿನಹಾಳ ನಮ್ಮ ಗದಗ ತಾಲೂಕಿನದೇ ಊರು. ಪ್ರಾಥಮಿಕ ಸಹಕಾರ ಸಂಘಗಳು ಇದನ್ನು ಒಂದು ಠರಾವು ಮಾಡಿ ಕಳಿಸಬಹುದು. ಗ್ರಾಮ ಪಂಚಾಯತಿಗಳು ಮಾಡಬಹುದು. ಗದಗಿನಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವೇ ಇದೆ. ಹೊಲಕ್ಕೆ ಸಂಬಂಧಿಸಿದ ಕರಡು ಬಂದಾಗ ಅದರ ಸಾರವನ್ನು ಎರಡು ಪುಟ ಕನ್ನಡ ಮಾಡಿ ರೈತ ಸಂಪರ್ಕ ಕೇಂದ್ರಗಳಿಗೆ ಅಂಟಿಸುವ ಕೆಲಸವನ್ನು ಅಲ್ಲಿಯ ವಿದ್ಯಾರ್ಥಿಗಳು ವಹಿಸಿಕೊಳ್ಳಲಿ ಎಂದು ಈ ಬಾನುಲಿಯ ಮೂಲಕ ಕೇಳಿಕೊಳ್ಳುತ್ತೇನೆ.

ಗಡುವು ಮುಗಿದಿದ್ದರೂ ಸುಮ್ಮನಿರಬೇಡಿ. ಮಸೂದೆ ಸಂಸತ್ತಿಗೆ ಹೋಗಿಯೇ ಕಾಯ್ದೆಯಾಗಬೇಕು. ಸಂಸತ್ತಿನಲ್ಲಿ ನಿಮ್ಮ ಪ್ರತಿನಿಧಿ ಇದ್ದಾರೆ. ಅವರಿಗೆ ಪತ್ರದ ನಕಲು ಕೊಡಿ. ಕಳಿಸಿದ ಪತ್ರ ಏನಾಯಿತು ಎಂದು ತಿಳಿಯಬೇಕೆಂದರೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕಿನ ಅರ್ಜಿ ಇದೆ.

ಪತ್ರಕ್ಕೆ ಊರು, ತಾಲೂಕು, ದಿನಾಂಕ ಹಾಕಿ. ಸ್ಪೀಡ್ ಪೋಸ್ಟ್ ಮಾಡಿ. ರಸೀದಿ ಇಟ್ಟುಕೊಳ್ಳಿ. ಪತ್ರ ಕಳಿಸಲು, ಸಚಿವಾಲಯದ ಕೈಕೆಳಗಿನ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಇರುವುದು ಹೊಸದಿಲ್ಲಿಯಲ್ಲಿ, ಸಫ್ದರ್‌ಜಂಗ್ ವಿಮಾನ ನಿಲ್ದಾಣದ ಎದುರಿಗೆ.